ಮೂರು ನೀರು

ಹ್ಯಾಲಿಫ್ಯಾಕ್ಸಿನ ಚಾಪೆಲ್ಲಿನ ಹಿಂಗೋಣೆ. ಬುಧವಾರ.
ಹೀಟರು ಕೆಮ್ಮುತ್ತದೆ, ಕಾಯುವುದಿಲ್ಲ.
ಕೋಟು ಬಿಚ್ಚದೆ ಕೂತಿದ್ದೇವೆ ಏಳು ಜನ,
ಮಧ್ಯೆ ಒಂದು ತಟ್ಟೆ ಬಿಸ್ಕತ್ತು,
ನಾಲ್ಕು ಸುವಾರ್ತೆ, ಒಬ್ಬ ಹೆಂಗಸು.

ಒಬ್ಬಳೇ? ಅದೇ ತಕರಾರು.

ಸಟ್‌ಕ್ಲಿಫ್ ರೈಲ್ವೆಯಲ್ಲಿ ವೇಳಾಪಟ್ಟಿ ಬರೆಯುತ್ತಿದ್ದವರು,
ಹಾಳೆಗೆ ಗೆರೆ ಹಾಕಿ ತಂದಿದ್ದಾರೆ:
ಮತ್ತಾಯ, ಮಾರ್ಕರಲ್ಲಿ ತಲೆಗೆ ಸುರಿದಳು; ಹೆಸರಿಲ್ಲ.
ಯೋಹಾನನಲ್ಲಿ ಪಾದಕ್ಕೆ; ಹೆಸರು ಮರಿಯ.
ಲೂಕನಲ್ಲಿ ಊರೇ ಬೇರೆ, ಕಾಲವೇ ಬೇರೆ,
ಆಕೆ ಪಾಪಿ, ಅಳುತ್ತಾಳೆ.
ಹಬ್ಬಕ್ಕೆ ಎರಡು ದಿನ ಮುಂಚೆ ಎಂದು ಒಬ್ಬ,
ಆರು ದಿನ ಎಂದು ಇನ್ನೊಬ್ಬ.
"ಒಂದೇ ಗಾಡಿ ಎರಡು ಹೊತ್ತಿಗೆ ಬರಲಾರದು," ಅನ್ನುತ್ತಾರೆ
ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ.
ಪಾದ್ರಿಯಮ್ಮ ನಗುತ್ತಾರೆ: ತಲೆಗೆ ಸುರಿದದ್ದು ಕಾಲಿಗೆ ಇಳಿಯದೇ?

ನಾನು ಸುಮ್ಮನಿದ್ದೆ. ನನ್ನ ಓದು ಕಡಿಮೆ.
ವೃದ್ಧಾಶ್ರಮಗಳಿಗೆ ಹೋಗಿ ಮುದುಕಿಯರ ತಲೆ ತೊಳೆದು
ಕತ್ತರಿಸಿ, ಸುರುಳಿ ಹಾಕಿ ಬರುವವಳು.
ಕೂದಲ ಮಾತು ಬಂದಾಗ ಮಾತ್ರ ಕಿವಿ ನೆಟ್ಟಗಾಯಿತು.

ಕೂದಲಿಂದ ಒರೆಸಿದಳಂತೆ.
ಬರೆದವರು ಎಂದೂ ಜಡೆಗೆ ಎಣ್ಣೆ ಹಚ್ಚಿದವರಲ್ಲ.
ಕೂದಲು ಎಣ್ಣೆಯನ್ನು ಒರೆಸುವುದಿಲ್ಲ,
ಕುಡಿಯುತ್ತದೆ.
ಬೆಟಗೇರಿಯಲ್ಲಿ ಸಲೋಮಿ ಅಜ್ಜಿ ಶನಿವಾರ ಶನಿವಾರ
ನನ್ನ ನೆತ್ತಿಗೆ ಅಂಗೈ ತಟ್ಟಿ ಹೇಳುತ್ತಿದ್ದಳು:
"ಈ ಎಣ್ಣಿ ಮೂರು ನೀರಿಗೂ ಬಿಡೂದಿಲ್ಲ ನೋಡ್."
ಸೀಗೆಪುಡಿ ಕಣ್ಣಿಗೆ ಬಿದ್ದು ನಾನು ಅತ್ತು ಕರೆದರೂ
ಮರುದಿನ ಚರ್ಚಿನಲ್ಲಿ, ಹಾಡಿನ ಪುಸ್ತಕದ ಹಾಳೆಗೂ
ನನ್ನ ಜಡೆಯ ಜಿಡ್ಡು.

ಯೂನಿಸ್, ತೊಂಬತ್ತು ದಾಟಿದವರು, ಚಹಾ ಆರಿಸುತ್ತ
ನನ್ನತ್ತ ತಿರುಗಿ ಕೇಳಿದರು, ಮತ್ತಾರೂ ಕೇಳದ್ದು:
"ಆ ವಾಸನೆ ಅವಳ ಮೇಲೆ ಎಷ್ಟು ದಿನ ಇದ್ದಿರಬೇಕು?"

ಲೆಕ್ಕ ಹಾಕಿದೆ.
ಎರಡು ದಿನವಾಗಲಿ, ಆರಾಗಲಿ,
ಶುಕ್ರವಾರ ಮೊಳೆ ಹೊಡೆಯುವ ಹೊತ್ತಿಗೆ
ಗುಂಪಿನಲ್ಲೆಲ್ಲೋ ಒಬ್ಬಳ ಮುಸುಕಿನೊಳಗೆ
ಜಟಾಮಾಂಸಿ ಇನ್ನೂ ಇತ್ತು,
ಅವನ ಪಾದದ ಧೂಳೂ ಅದರಲ್ಲೇ.
ಮನೆಯೆಲ್ಲ ಪರಿಮಳ ತುಂಬಿತೆಂದು ಯೋಹಾನ ಬರೆದ.
ಅವಳು ಹೊಸ್ತಿಲು ದಾಟಿದ ಮೇಲೆ
ಯಾರೂ ಹಿಂದೆ ಹೋಗಲಿಲ್ಲ.

ತಲೆಗೆ ಸುರಿದವಳಿಗೆ ಕೈ ಮಾತ್ರ ಘಮ್ಮೆಂದಿರಬಹುದು.
ಲೂಕನವಳು ಬೇರೆಯೇ ಇದ್ದಾಳು; ಇರಲಿ.
ಕಣ್ಣೀರು ಎಷ್ಟು ನೀರಿಗೆ ಹೋಗುತ್ತದೋ
ಅಜ್ಜಿ ಹೇಳಿಕೊಟ್ಟಿಲ್ಲ.

ಸಟ್‌ಕ್ಲಿಫ್ ಹಾಳೆಯಲ್ಲಿ ಹೊಸ ಕಾಲಂ ಎಳೆದು
ಮೇಲೆ ಏನು ಬರೆಯಲಿ ಎಂದು ನನ್ನನ್ನೇ ಕೇಳಿದರು.
ತೋಚಲಿಲ್ಲ.
ಕಪ್ಪು ತೊಳೆಯಲು ಎದ್ದೆ.
ಯೂನಿಸ್ ಒರೆಸುವ ಬಟ್ಟೆ ಹಿಡಿದು
ಪಕ್ಕಕ್ಕೆ ಬಂದು ನಿಂತರು.
ನಾಳೆ ಗುರುವಾರ, ಅವರ ತಲೆ ತೊಳೆಯುವ ದಿನ.