ಎಡಗೈ

ಅವನ ಎಡಗೈ ನೋಡಿಯೇ ನಾನು ಒಪ್ಪಿದ್ದು.
ಕಡ್ಡಿಯನ್ನು ಹೆಬ್ಬೆರಳ ಸಂದಿಯಲ್ಲಿ ಮಲಗಿಸಿ
ಅಂಗೈ ಮೇಲೆ ಮಾಡಿ
ಹಳೆಯ ಸಾಲ ತೀರಿಸಲು ಬಂದವನ ಹಾಗೆ
ಸಂಕೋಚದಿಂದ ಬಾರಿಸುತ್ತಿದ್ದ
ನೆವಿಲ್ ಥ್ರೆಲ್‌ಫಾಲ್, ಹತ್ತೊಂಬತ್ತರ ಹುಡುಗ,
ಬರ್ನ್‌ಲಿಯ ಬಟ್ಟೆ ಗಿರಣಿಯ ಹಿಂದಿನ ಓಣಿಯವನು.

ಅವನವ್ವ ಮಗ್ಗಕ್ಕೆ ಕಿವಿ ಕೊಟ್ಟವಳು.
ಕೊಟ್ಟವಳು ಅಂದರೆ, ಕೊಟ್ಟೇಬಿಟ್ಟವಳು.
ಮಾತನ್ನು ತುಟಿಯ ಮೇಲೇ ಓದುತ್ತಿದ್ದಳು.
ಮಗ ಊಟದ ಮೇಜು ಬಡಿದರೆ
ಹಲಗೆಗೆ ಅಂಗೈ ಊರಿ
'ಮೂರನೇ ಪೆಟ್ಟು ತಡ' ಎನ್ನುವಳು.
ಎಷ್ಟೋ ಸಲ ಅದು ನಿಜವೂ ಆಗಿತ್ತು.

ನಾವು ನಾಲ್ವರು. ಕಟುಕನಿಂದ ಕೊಂಡ ವ್ಯಾನು,
ನನ್ನ ಡಬಲ್ ಬಾಸಿಗೆ ಇವತ್ತಿಗೂ ಕೊಬ್ಬಿನ ವಾಸನೆ.
ಮ್ಯಾಂಚೆಸ್ಟರಿನ ನೆಲಮಾಳಿಗೆಯಲ್ಲಿ ಹನ್ನೊಂದು ಜನ,
ಇಬ್ಬರಿಗೆ ನಿದ್ದೆ.
ನೆವಿಲ್‌ನ ತಂತಿ ಬ್ರಷ್ಷು ಚರ್ಮದ ಮೇಲೆ ಸುತ್ತುವಾಗ
ಮಲಗಿದ ಕೂಸು ಏಳದ ಹಾಗೆ
ಯಾರೋ ಮಗ್ಗುಲು ಬದಲಿಸಿದಂತೆ ಕೇಳುತ್ತಿತ್ತು.
ಅದು ಜಾಝ್.
ಅದರಿಂದ ಬಾಡಿಗೆ ಹುಟ್ಟುತ್ತಿರಲಿಲ್ಲ.

ಅರವತ್ತಾರರಲ್ಲಿ ಉದ್ದ ಕೂದಲಿನ ಮೂವರು ಬಂದರು,
ಅವರ ಡ್ರಮ್ಮರ್ ಮೆಟ್ಟಿಲಿಂದ ಬಿದ್ದು ಮಣಿಕಟ್ಟು ಮುರಿದಿದ್ದ.
'ಒಂದೇ ರಾತ್ರಿ' ಎಂದ ನೆವಿಲ್.
ಆ ರಾತ್ರಿ ಹದಿನಾಲ್ಕು ವರ್ಷ ನಡೆಯಿತು.

ಬ್ಲ್ಯಾಕ್‌ಪೂಲಿನಲ್ಲಿ ದುಡ್ಡು ಕೊಟ್ಟು ನೋಡಿದೆ.
ಎಡಗೈ ಮಗುಚಿಕೊಂಡಿತ್ತು. ಎರಡೂ ಕೈಗಳಿಗೆ ಒಂದೇ ಹಿಡಿತ,
ಎರಡೂ ಸುತ್ತಿಗೆ.
ಎದ್ದು ಬಂದುಬಿಟ್ಟೆ.

ಇಲ್ಲ, ಸುಳ್ಳು. ಕೊನೆಯವರೆಗೂ ಕೂತಿದ್ದೆ.
ಎದ್ದು ಬಂದೆ ಅಂತ ಊರಿಗೆಲ್ಲ ಹೇಳಿದ್ದೆ.

ಆಮೇಲೆ ಒಸಾಕಾದಿಂದ, ಸ್ಟಾಕ್‌ಹೋಮಿನಿಂದ ಕಾರ್ಡುಗಳು.
ಡ್ರಮ್ಮುಗಳು ಮರಿ ಹಾಕಿದವು.
ಹದಿನಾರು ನಿಮಿಷ ಅವನೊಬ್ಬನೇ ಬಾರಿಸುವಾಗ
ಹಾಡುವವನು ಪರದೆಯ ಹಿಂದೆ ಸ್ಯಾಂಡ್‌ವಿಚ್ ತಿಂದು ಮುಗಿಸುತ್ತಿದ್ದನಂತೆ.
ಒಮ್ಮೆ ಅವ್ವನನ್ನು ರಂಗದ ಅಂಚಿಗೆ ಕರೆತಂದ.
ಆಕೆ ಬೂಟು ಬಿಚ್ಚಿ
ಕಾಲುಚೀಲದಲ್ಲೇ ಹಲಗೆಯ ಮೇಲೆ ನಿಂತಳು, ಎರಡು ಗಂಟೆ.
ಆರು ಸಾವಿರ ಜನ ಕಿರುಚುತ್ತಿದ್ದರು.
ಮಗ ಬೆವರಿಳಿಸುತ್ತ ಬಂದು ತುಟಿಯಲ್ಲೇ ಕೇಳಿದ: ಹೇಗಿತ್ತು?
'ಮೂರನೇದು ಇನ್ನೂ ತಡ.'

ಎಂಬತ್ತರಲ್ಲಿ ಎಲ್ಲ ಮುಗಿಯಿತು, ಹಣದ ಜಗಳ,
ಅದು ಬೇಡ.
ನೆಲ್ಸನ್ನಿನಲ್ಲಿ ನೆಲಹಾಸಿನ ಅಂಗಡಿ ಇಟ್ಟ,
ಹೆಜ್ಜೆಯೂ ಸದ್ದಾಗದ ಅಂಗಡಿ.
ಅವನ ಕಿವಿಯಲ್ಲಿ ಮಾತ್ರ ಹಗಲೂ ರಾತ್ರಿ ಒಂದು ಸಿಂಬಲ್,
ಹಿಡಿದು ನಿಲ್ಲಿಸುವವರಿಲ್ಲ.

ಗುರುವಾರ ಗುರುವಾರ ಹೋಗುತ್ತೇನೆ.
ಎದುರು ಕೂತು ಬಾಯಗಲಿಸಿ ಮಾತಾಡುತ್ತೇನೆ,
ಅವನು ತುಟಿ ಓದುತ್ತಾನೆ, ಅವ್ವನ ಕಣ್ಣಿನಲ್ಲಿ.
ಚಹಾ ಕದಡುವಾಗ ಎಡಗೈಯ ಚಮಚ
ಹೆಬ್ಬೆರಳ ಸಂದಿಗೆ ತಾನೇ ಜಾರಿಕೊಂಡಿರುತ್ತದೆ,
ಅವನಿಗದು ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ.

ಹೋದ ವಾರ ದನಿ ತೆಗೆಯದೆ, ಬರೀ ತುಟಿಯಲ್ಲಿ ಅಂದೆ:
ಬ್ಲ್ಯಾಕ್‌ಪೂಲಿನಲ್ಲಿ ನಾನು ಎದ್ದು ಹೋಗಿರಲಿಲ್ಲ.

'ಗೊತ್ತು' ಎಂದ, ಇಡೀ ಅಂಗಡಿಗೆ ಕೇಳುವಷ್ಟು ಜೋರಾಗಿ,
'ನಾಲ್ಕನೇ ಸಾಲು. ಕಾಲಲ್ಲಿ ತಾಳ ಹಾಕುತ್ತಿದ್ದೆ.
ತಪ್ಪು ತಾಳ.'