ತಾನಾರೋ ಹೊಳೆಯಾಚೆ

ಅಪ್ಪನ ದಂಡೆಯಲ್ಲಿ ಬರೀ ಮರಳು.
ಬೂಟು ಒದರಿದರೆ ಪುಟ್ಟ ಚಿಪ್ಪುಗಳು ಉದುರುತ್ತಿದ್ದವು,
ಎಂದೋ ಇಲ್ಲಿ ಕಡಲಿತ್ತಂತೆ.
ಹೊಳೆಯಾಚೆ ಅತ್ತೆ ದೆಲ್ಫೀನಾಳ ಇಳಿಜಾರು:
ಸುಣ್ಣ ಬೆರೆತ ಜೇಡಿಮಣ್ಣು,
ಮಳೆ ಬಂದರೆ ಹಿಡಿದ ಕಾಲು ಬಿಡದು.

ಬಳ್ಳಿ ಒಂದೇ ಜಾತಿ. ಅಕ್ಟೋಬರಿನ ಮಂಜೂ ಒಂದೇ,
ಎರಡೂ ದಂಡೆಯ ಗೊಂಚಲು ತಬ್ಬಿ
ಹತ್ತು ಗಂಟೆ ತನಕ ಮಲಗುತ್ತದೆ.

ಆದರೂ ಅಪ್ಪನ ವೈನು ಮೂರನೇ ವರ್ಷಕ್ಕೇ
ಬಾಗಿಲು ತೆರೆದು ಎಲ್ಲ ಹೇಳಿಬಿಡುತ್ತದೆ.
ಅತ್ತೆಯದು ಹತ್ತು ವರ್ಷ ಹಲ್ಲು ಕಚ್ಚಿ ಕೂತಿರುತ್ತದೆ.
"ನಿಮ್ಮಪ್ಪನದು ಬಾಯಿಬಡುಕ ವೈನು," ಅನ್ನುತ್ತಿದ್ದಳು.

ಅಪ್ಪ ತೀರಿದ ಚಳಿಗಾಲ
ನೆಲಮಾಳಿಗೆಗೆ ತಾನೇ ಇಳಿದು,
ನಾನು ಮದುವೆಯಾಗಿ ಬಂದ ವರ್ಷದ ಸೀಸೆ ತಂದಳು.
ಬಿರಡೆ ಕಿತ್ತಳು. ಏನೂ ಹೇಳಲಿಲ್ಲ.
ಮೊದಲ ಗುಟುಕು ಒಗರು.
ಆಮೇಲೆ ಒಣಗಿದ ಗುಲಾಬಿ, ಡಾಂಬರು,
ನಾಲಿಗೆಯಡಿ ಒಂದಿಷ್ಟು ಉಪ್ಪು.