ಕಡಂಗದಲ್ಲಿ ಕಂದಕ

ಭೂತಕ್ಕೆಂದು ಬಾಗಿಲ ಮೇಲೆ ಬರೆಯುವುದನ್ನು
ಶಮ್ಮಾಸ್ ತಾರೀಖ್ ಪುಸ್ತಕದ ಹೊದಿಕೆಗೆ ಬರೆದಿದ್ದ:
ನಾಳೆ ಬಾ.
ಭೂತ ನಾನೇ. ದಿನವೂ ಬರುತ್ತಿದ್ದೆ,
ಓದಿಕೊಂಡು ಹಿಂದಿರುಗುತ್ತಿದ್ದೆ.

ಹಿಜರಿ ಐದು. ಕಂದಕದ ಯುದ್ಧ. ಐದು ಅಂಕದ ಪ್ರಶ್ನೆ.
ಎರಡು ವಾರ ಕಳೆದರೂ ಹದಿನಾರರಲ್ಲಿ ಬರೆದವಳು ರುಫೈದಾ ಒಬ್ಬಳು,
ಅದೂ ಅಕ್ಕನ ಪುಸ್ತಕ ನೋಡಿ, ಅಕ್ಕನ ತಪ್ಪುಗಳ ಸಮೇತ.
ಬೆತ್ತ ಕಪಾಟಿನ ಹಿಂದೆ ಬಿದ್ದು ತಿಂಗಳಾಗಿತ್ತು.
ಎತ್ತಿಕೊಳ್ಳುವುದನ್ನು ನಾನೂ ಮುಂದೂಡುತ್ತಿದ್ದೆ.

ಶನಿವಾರ ಪಾಠ ಹೇಳಲಿಲ್ಲ.
ಮದ್ರಸದ ಹಿಂದೆ, ಬಾಳೆಯ ಬುಡದಲ್ಲಿ,
ಒಂದು ಹಾರೆ, ಎರಡು ಗುದ್ದಲಿ, ಒಂದು ಮುಷ್ಟಿ ಕರಿಮೆಣಸು.
"ಯಾರ ಮುಖವನ್ನೂ ಮಾಡಬೇಡಿ, ಬರೀ ನೆಲ ಮಾಡಿ.
ಇದು ಮದೀನಾ. ಕಾಫಿ ಸಿಪ್ಪೆಯೇ ಖರ್ಜೂರದ ತೋಟ.
ಎರಡು ಬದಿ ಕರಿಕಲ್ಲು. ಬಡಗಣ ಮಾತ್ರ ಬಯಲು.
ಮೆಣಸೆಲ್ಲ ಅಲ್ಲಿಂದ ಬರುತ್ತದೆ.
ಹತ್ತು ಜನಕ್ಕೆ ನಲವತ್ತು ಮೊಳ, ಅಗೆಯಿರಿ."

"ಯಾರ ಮೊಳ, ಉಸ್ತಾದ್?"

ಆ ಪ್ರಶ್ನೆ ಯಾವ ಪುಸ್ತಕದಲ್ಲೂ ಇರಲಿಲ್ಲ.
ಹನ್ನೊಂದು ವರ್ಷದ ಮೊಣಕೈಗಳನ್ನು ನೆಲಕ್ಕೂರಿ ಅಳೆದರು.
ಮದೀನಾ ಸ್ವಲ್ಪ ಚಿಕ್ಕದಾಯಿತು.

ಶಮ್ಮಾಸ್ ಕೈಕಟ್ಟಿ ನಿಂತಿದ್ದ.
"ಇದು ನಮ್ಮ ಆನೆ ಕಂದಕ ಅಲ್ವಾ?
ತೋಟದ ಅಂಚಿನದು ಕುಸಿದಿದೆ. ಮಳೆ ಮುಗೀಲಿ, ತೋಡ್ತೀವಿ ಅಂದಿದ್ರು.
ಮಳೆ ಮುಗೀತು. ಆನೆ ಬಂತು.
ಅದಕ್ಕೆ ನಾಳೆ ಬಾ ಅಂದ್ರೆ ಗೊತ್ತಾಗಲ್ಲ."

ಯಾರೂ ನಗಲಿಲ್ಲ. ಅವನೇ ಹಾರೆ ಹಿಡಿದ.

ಖಂದಕ್ ಎಂದು ಅಲ್ಲಿಂದ ಹೊರಟ ಮಾತು
ನಮ್ಮ ಬಾಯಲ್ಲಿ ಕಂದಕವಾಗಿದೆ, ಎಂದೆ.
ಕಡಂಗ ಅಂದರೂ ಅದೇ, ಹಳೆಯ ಕಾಳಗದ ಅಗಳು;
ಊರ ಹೆಸರಿನೊಳಗೇ ನಿಂತು ಅಗೆಯುತ್ತಿದ್ದೀರಿ.
ಕೇಳಿಸಿಕೊಂಡರೋ ಇಲ್ಲವೋ. ಮಣ್ಣು ಹಾರುತ್ತಿತ್ತು.
ಮಗ್ರಿಬ್ ಬಾಂಗಿನವರೆಗೂ ಹಾರಿತು.
ಮರುದಿನ ಮುಕ್ರಿಯ ಹೇಟೆಕೋಳಿ ಅದರಲ್ಲಿ ಬಿದ್ದು
ನನಗೆ ಸಿಕ್ಕ ಬೈಗುಳ ಬೇರೆ ಅಧ್ಯಾಯ.

ಸೋಮವಾರ ಶಮ್ಮಾಸ್ ಪುಸ್ತಕ ತಂದ.
ಮೂರೂವರೆ ಸಾಲು:
"ಹಸಿವಿಗೆ ಹೊಟ್ಟೆಗೆ ಕಲ್ಲು ಕಟ್ಟಿಕೊಂಡು ಅಗೆದರು.
ಚಳಿ ಇತ್ತು. ಬರುವ ಮೊದಲೇ ಮುಗಿಸಿದರು.
ಆಮೇಲೆ"
ಆಮೇಲೆ ಏನೂ ಇಲ್ಲ.
ಎರಡೂವರೆ ಅಂಕ ಕೊಟ್ಟೆ.

ಹೊದಿಕೆಯ ಮೇಲೆ ನಾಳೆ ಬಾ ಹಾಗೇ ಇದೆ.
ಕೆಳಗೊಂದು ಆನೆ ಬರೆದಿದ್ದಾನೆ,
ಮುಖ ಬೇಡ ಎಂದಿದ್ದೆನಲ್ಲ, ಬೆನ್ನು ಮಾತ್ರ.
ಓದು ಬಾರದ ಆನೆ,
ಪುಸ್ತಕದೊಳಕ್ಕೆ ಹೋಗುತ್ತಿದೆ.